ಶಿವಯೋಗೀಶಪ್ಪನವರು ಧ್ಯಾನಕ್ಕೆ ಕುಳಿತದ್ದು

ಹುಬ್ಬಳ್ಳಿಯ ಗೋಪನಕೊಪ್ಪದ ಶಿವಯೋಗೀಶಪ್ಪನವರ ದನಿಯ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಅವರನ್ನು ನೀವು ಕಾಣುವುದಕ್ಕಿಂತ ಮುಂಚೆ ಆ ದನಿ ನಿಮ್ಮನ್ನು ಬಂದು ಮುಟ್ಟಿರುತ್ತದೆ. ಅಮರಗೋಳ ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿಯ, ಅಂದರೆ ಈರುಳ್ಳಿಯ, ದಲಾಲಿ ಅವರ ಕಸುಬು. ಚೀಲಗಳ ರಾಶಿ ಹತ್ತಿ ನಿಂತು ವರ್ಷಾನುಗಟ್ಟಲೆ ಹರಾಜಿನ ಸವಾಲು ಕೂಗಿ ಕೂಗಿ ಗಂಟಲು ಹಾಗೆ ಪಳಗಿಬಿಟ್ಟಿತ್ತು. ಅವರು ಊಟಕ್ಕೆ ಕುಳಿತು ಉಪ್ಪು ಕೇಳಿದರೆ ಎದುರು ಮನೆಯವರು ಉಪ್ಪಿನ ಡಬ್ಬಿ ಹಿಡಿದು ಬಂದದ್ದುಂಟು. ಸಿಟ್ಟು ಬಂದಾಗಿನ ಮಾತಂತೂ ಬೇಡವೇ ಬೇಡ. ಮನುಷ್ಯ ಕೆಟ್ಟವರಲ್ಲ, ಕರುಳು ಬೆಣ್ಣೆ. ಹೆಸರಿನಲ್ಲಿದ್ದ ಯೋಗ ಗಂಟಲಿಗೆ ಇಳಿದಿರಲಿಲ್ಲ, ಅಷ್ಟೆ.

ಇಂಥವರ ಒಬ್ಬಳೇ ಮಗಳು ಆರತಿಗೆ ಧಾರವಾಡದ ಸಂಬಂಧ ಬಂತು. ಹುಡುಗ ಅಂಬರೀಷ ಕಾಲೇಜಿನಲ್ಲಿ ಪಾಠ ಹೇಳುವವನು. ಹುಡುಗ ಒಪ್ಪಿದ, ಆರತಿಯೂ ಒಪ್ಪಿದಳು. ಒಪ್ಪಿದಳು ಅನ್ನುವುದೇನು, ಅವತ್ತಿನಿಂದ ರೊಟ್ಟಿ ಬಡಿಯುವಾಗಲೂ ಹಾಡು ಗುನುಗತೊಡಗಿದಳು. ತೊಡಕು ಬಂದದ್ದು ಹುಡುಗನ ತಂದೆ ರಾಜಶೇಖರ ಅವರಿಂದ. ಅವರು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ತಗಡು ಬಡಿಯುವ ಯಂತ್ರಗಳ ನಡುವೆ ಇಡೀ ನೌಕರಿ ಕಳೆದವರು. ನಿವೃತ್ತಿಯಾದ ಮೇಲೆ ಗೋಡೆಯ ಗಡಿಯಾರದ ಟಿಕ್ ಟಿಕ್ ಸಹ ಬೇಡವೆಂದು ಅದರ ಸೆಲ್ ತೆಗೆದಿಟ್ಟಿದ್ದರು. ಹೆಣ್ಣು ನೋಡಲು ಬಂದ ದಿನ ಶಿವಯೋಗೀಶಪ್ಪನವರು ಪ್ರೀತಿಯಿಂದ "ತಗೋರಿ ಬೀಗರ" ಎಂದು ಉಪಚಾರ ಮಾಡಿದ್ದಕ್ಕೇ ರಾಜಶೇಖರ ಅವರ ಕೈಯ ಅವಲಕ್ಕಿ ತಟ್ಟೆ ನೆಲ ಸೇರಿತ್ತು.

ಆಮೇಲೆ ನಡುವಿನವರ ಕೈಯಲ್ಲಿ ಮಾತು ಬಂತು. ಹುಡುಗಿ ಬಂಗಾರ, ಮನೆತನ ಛಲೋ, ಆದರೆ ಹಬ್ಬ ಹುಣ್ಣಿಮೆಗೆಲ್ಲ ಆ ದನಿಯನ್ನು ಜೀವನಪೂರ್ತಿ ಕೇಳಬೇಕಲ್ಲ, ವಿಚಾರ ಮಾಡಬೇಕು, ಮುಂದಿನ ತಿಂಗಳ ಮೊದಲ ರವಿವಾರ ಇನ್ನೊಮ್ಮೆ ಬಂದು ಹೌದು ಅಲ್ಲ ಹೇಳಿಬಿಡುತ್ತೇವೆ ಎಂದು. ಇದನ್ನು ಕೇಳಿ ಆರತಿಯ ಗುನುಗು ನಿಂತಿತು. ಹೆಂಡತಿ ಶರಣವ್ವ ಗಂಡನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಆವತ್ತ ಒಮ್ಮಿ ಒದರಿದ್ರಿ ಅಂದ್ರ ಮುಗೀತ್ರಿ," ಅಂದಳು. "ಆರತಿ ಲಗ್ನ ಅಲ್ಲೇ ನಿಂತಂಗ."

ಶಿವಯೋಗೀಶಪ್ಪನವರಿಗೆ ಮಗಳೆಂದರೆ ಜೀವ. ದನಿ ಇಳಿಸುತ್ತೇನೆ ಎಂದು ಅವರು ಅಲ್ಲಿಯೇ ಮಾತು ಕೊಟ್ಟರು. ಆ ಮಾತು ಹಿತ್ತಲಿನವರಿಗೂ ಕೇಳಿಸಿತು.

ದಾರಿ ತೋರಿಸಿದವಳು ಆರತಿಯೇ. ದಿನಾ ಮುಂಜಾನೆ ಧ್ಯಾನ ಮಾಡಿದರೆ ಸಿಟ್ಟು ಇಳಿಯುತ್ತದೆ, ಬಿಪಿ ಇಳಿಯುತ್ತದೆ, ದನಿ ತಾನೇ ಇಳಿಯುತ್ತದೆ ಎಂದು ಎಲ್ಲೋ ಓದಿದ್ದಳು. ಅಪ್ಪನ ಫೋನಿನಲ್ಲಿ ಹೊಸಬರಿಗೆ ಧ್ಯಾನ ಕಲಿಸುವ ಆ್ಯಪ್ ಹಾಕಿದಳು, ಎರಡೂ ಕಿವಿಗೆ ವೈರಿಲ್ಲದ ಇಯರ್‌ಫೋನ್ ಸಿಗಿಸಿದಳು. ಒಳಗೆ ಒಬ್ಬ ಹೆಣ್ಣುಮಗಳು ಬೆಂಗಳೂರು ಕಡೆಯ ಕನ್ನಡದಲ್ಲಿ ಮೆತ್ತಗೆ ಮಾತಾಡುತ್ತಿದ್ದಳು. ಬೆನ್ನು ನೆಟ್ಟಗಿಡಿ, ಉಸಿರನ್ನು ಗಮನಿಸಿ, ಬಂದ ಯೋಚನೆಯನ್ನು ತಡೆಯಬೇಡಿ, ಹಿಡಿಯಲೂ ಬೇಡಿ, ಸುಮ್ಮನೆ ನೋಡಿ ಕಳಿಸಿಬಿಡಿ.

ಮೊದಲ ದಿನ ಶಿವಯೋಗೀಶಪ್ಪನವರು ಉಸಿರನ್ನು ಗಮನಿಸಿದರು. ಅದು ಸರಿಯಾಗಿಯೇ ಬಂದು ಹೋಗುತ್ತಿತ್ತು. ಅದರಲ್ಲಿ ಗಮನಿಸುವಂಥದ್ದೇನೂ ಕಾಣದೆ ಮಹಾರಾಷ್ಟ್ರದ ಉಳ್ಳಾಗಡ್ಡಿ ಈ ಸಲ ಎಷ್ಟು ಬರಬಹುದು ಎಂಬ ಯೋಚನೆ ಬಂತು. ಅದನ್ನು ನೋಡಿ ಕಳಿಸಿದರು. ಅದು ಹೋಗಿ ಮೂಗಿನ ತುರಿಕೆಯನ್ನು ಕಳಿಸಿತು. ಎರಡನೆಯ ದಿನ ಅಡುಗೆಮನೆಯ ಮಿಕ್ಸರಿಗೆ ಕುಳಿತಲ್ಲಿಂದಲೇ ಗದರಿದರು. ಮಿಕ್ಸರಿನಿಂದ ದೂರವಾಗಲೆಂದು ಮಾರನೆಯ ದಿನ ಮನೆ ಮುಂದಿನ ಕಟ್ಟೆಗೆ ಬಂದರು. ಅಲ್ಲಿ ಕಲ್ಲು ತಣ್ಣಗೆ ಕೊರೆಯಿತು, ಮಣೆ ಹಾಕಿಕೊಂಡರು. ಬೆನ್ನು ಬಾಗಿತು, ಗೋಡೆಗೆ ಆನಿಸಿದರು. ಗೋಡೆಯ ಸುಖಕ್ಕೆ ನಿದ್ದೆ ಹತ್ತಿ ಒಂದು ದಿನ ಮುಂದಕ್ಕೆ ಮುಗ್ಗರಿಸಿದ್ದರಿಂದ, ಎದೆಗೆ ಒಂದು ಶಾಲು ಸುತ್ತಿ ಅದರ ತುದಿಗಳನ್ನು ಹಿಂದಿನ ಕಿಟಕಿಯ ಸರಳಿಗೆ ಕಟ್ಟಿಕೊಂಡರು. ಚಳಿಗಾಲವಾದ್ದರಿಂದ ಕಿವಿ ಮುಚ್ಚುವ ಹಾಗೆ ರುಮಾಲು ಸುತ್ತಿದರು. ಮನಸ್ಸು ನಿಲ್ಲಲಿ ಎಂದು ಹಣೆಗೆ, ತೋಳಿಗೆ, ಎದೆಗೆ ದಪ್ಪಗೆ ವಿಭೂತಿ ಬಳಿದರು. ಪ್ರತಿಯೊಂದಕ್ಕೂ ಒಂದೊಂದು ಬಲವಾದ ಕಾರಣವಿತ್ತು. ಎಲ್ಲವೂ ಕೂಡಿದ ಮೇಲೆ ತಾವು ಹೇಗೆ ಕಾಣುತ್ತೇವೆ ಎಂಬುದನ್ನು ಅವರು ಕನ್ನಡಿಯಲ್ಲಿ ನೋಡಿಕೊಳ್ಳಲಿಲ್ಲ. ಕಣ್ಣು ಮುಚ್ಚಿದವರು ಹೇಗೆ ನೋಡಿಕೊಂಡಾರು?

ನಮ್ಮ ಕಡೆಯ ಶಿವಭಕ್ತರ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಮಣೆಯ ಮೇಲೆ, ಗೋಡೆಗೆ ಆನಿಸಿ, ಬೀಳದಂತೆ ಬಟ್ಟೆಯಿಂದ ಕಟ್ಟಿ, ರುಮಾಲು ಸುತ್ತಿ, ವಿಭೂತಿ ಬಳಿದು, ಮನೆ ಮುಂದೆ. ಇದು ಗೋಪನಕೊಪ್ಪದ ಪ್ರತಿಯೊಂದು ಮಗುವಿಗೂ ಗೊತ್ತು. ಶಿವಯೋಗೀಶಪ್ಪನವರಿಗೂ ಗೊತ್ತಿತ್ತು. ಆದರೆ ಅವರ ಮನಸ್ಸು ಆಗ ಉಸಿರಿನ ಮೇಲಿತ್ತು.

ಹೆಂಡತಿ ಮಗಳಿಗೆ ನೋಡಿ ರೂಢಿಯಾಗಿತ್ತು. ಇನ್ನೂ ಕತ್ತಲಿದ್ದಾಗಲೇ ಕುಳಿತು ಎದ್ದುಬಿಡುತ್ತಿದ್ದುದರಿಂದ ಓಣಿಯವರಾರೂ ಕಂಡಿರಲಿಲ್ಲ. ಆದರೆ ಆ ರವಿವಾರ ಸಂಗತಿ ಬೇರೆಯಾಯಿತು. ಬೀಗರು ಬರುವ ದಿನ. ಬಿಸಿಲೇರುವ ಹೊತ್ತಿಗೆ ಶರಣವ್ವ, ಆರತಿ ಟೇಲರನ ಹತ್ತಿರ ಜಂಪರು ತರಲು, ಹೂ ಕೊಳ್ಳಲು ದುರ್ಗದಬೈಲಿಗೆ ಹೊರಟರು. ನಾವು ಬರುವತನಕ ಯಾರು ಬಂದರೂ ಬಾಯಿ ಬಿಚ್ಚಬೇಡಿ ಎಂದು ಶರಣವ್ವ ತಾಕೀತು ಮಾಡಿದಳು. ಇದಕ್ಕಿಂತ ಸುರಕ್ಷಿತ ಜಾಗ ಇನ್ನಿಲ್ಲವೆಂದು ಶಿವಯೋಗೀಶಪ್ಪನವರು ಇನ್ನೊಮ್ಮೆ ಕಟ್ಟೆಗೆ ಬಂದು, ಮಣೆ, ಶಾಲು, ರುಮಾಲು, ವಿಭೂತಿ ಎಲ್ಲ ಎಂದಿನಂತೆ ಮಾಡಿಕೊಂಡು, ಆ್ಯಪಿನಲ್ಲಿದ್ದ ಎಲ್ಲಕ್ಕಿಂತ ಉದ್ದನೆಯ ಧ್ಯಾನವನ್ನು ಆರಿಸಿ ಕುಳಿತರು.

ಈ ಸಲ ಫೋನಿನ ಹೆಣ್ಣುಮಗಳು ಹೊಸ ಮಾತು ಹೇಳಿದಳು. "ಆಳವಾದ ಧ್ಯಾನದಲ್ಲಿ ಕೆಲವರಿಗೆ ಸುಗಂಧ, ಕೆಲವರಿಗೆ ಸ್ಪರ್ಶದ ಅನುಭವವಾಗಬಹುದು. ಹೆದರಬೇಡಿ. ಕಣ್ಣು ತೆರೆಯಬೇಡಿ. ಸುಮ್ಮನೆ ನೋಡುತ್ತಿರಿ." ಅದರ ಮೇಲೆ ಕೊಳಲು, ಸಮುದ್ರದ ಅಲೆ ಶುರುವಾದವು.

ಎದುರು ಮನೆಯ ಕಾಳವ್ವ ಕಸ ಚೆಲ್ಲಲು ಹೊರಗೆ ಬಂದದ್ದು ಆಗಲೇ. ಕಾಳವ್ವ ವಯಸ್ಸಾದವಳು, ಸಾವಿನ ಮನೆಗಳ ಹಿರಿಯಳು. ಓಣಿಯಲ್ಲಿ ಯಾರು ಹೋದರೂ ಮೊದಲು ಆಕೆಗೆ ಕರೆ ಬರುತ್ತಿತ್ತು. ಆಕೆ ಗಾಬರಿಯಾಗಲಿಲ್ಲ. ಬುಟ್ಟಿ ಇಳಿಸಿ, ಸೆರಗು ಸರಿಮಾಡಿಕೊಂಡು ಬಂದು ಪಾದ ಮುಟ್ಟಿ ನೋಡಿದಳು. ಡಿಸೆಂಬರಿನ ಕಟ್ಟೆಕಲ್ಲಿನ ಮೇಲೆ ಅವು ಮಂಜುಗಡ್ಡೆಯಾಗಿದ್ದವು. ಕಾಳವ್ವನಿಗೆ ಅಷ್ಟು ಸಾಕಾಯಿತು.

ಕಟ್ಟೆಯ ಮೇಲೆ ಶಿವಯೋಗೀಶಪ್ಪನವರಿಗೆ ಪಾದದ ಬಳಿ ಏನೋ ಬೆಚ್ಚಗೆ ಸೋಕಿ ಹೋದಂತಾಯಿತು. ಸ್ಪರ್ಶದ ಅನುಭವ, ಅಂದುಕೊಂಡರು. ಇಷ್ಟು ಬೇಗ ಆದದ್ದಕ್ಕೆ ಅವರಿಗೇ ಆಶ್ಚರ್ಯ.

ಪಕ್ಕದ ತಿರುವಿನಲ್ಲಿ ಶಾಮಿಯಾನದ ಅಂಗಡಿ ಇಟ್ಟಿದ್ದ ಹಫೀಜನನ್ನು ಕಾಳವ್ವ ಕೂಗಿ ಕರೆದಳು. ಹಫೀಜ ಹಳೇ ಹುಬ್ಬಳ್ಳಿಯವನು, ದಲಾಲರಿಗೆ ಮಗನಂಥವನು, ದಿನಾ ಬೈಸಿಕೊಳ್ಳುತ್ತಿದ್ದವನು.

"ದಲಾಲರು ಹೋದ್ರಪ್ಪಾ," ಅಂದಳು ಕಾಳವ್ವ. "ಎಂಥಾ ಪುಣ್ಯವಂತರು ನೋಡು. ಯಾರಿಗೂ ತ್ರಾಸ ಕೊಡಲಿಲ್ಲ. ಮಣಿ, ರುಮಾಲ, ಇಬತ್ತಿ ಎಲ್ಲಾ ತಾವ ಮಾಡ್ಕೊಂಡ ಕುಂತಾರ."

ಹಫೀಜನಿಗೆ ನಂಬಿಕೆ ಬರಲಿಲ್ಲ. ಡಾಕ್ಟರನ್ನು ಕರೆಯೋಣ ಎಂದ. ಇಷ್ಟು ಮಂದಿಯನ್ನು ಕಳಿಸಿಕೊಟ್ಟ ನನಗಿಂತ ಡಾಕ್ಟರಿಗೆ ಹೆಚ್ಚು ಗೊತ್ತೇ ಎಂದು ಕಾಳವ್ವ ಕೇಳಿದಳು. ಆದರೂ ಹಫೀಜ ಸಮಾಧಾನಕ್ಕೆಂದು ಕೈಯನ್ನು ದಲಾಲರ ಮೂಗಿನ ಹತ್ತಿರ ಹಿಡಿದ. ಸರಿಯಾಗಿ ಆ ಹೊತ್ತಿಗೆ ಫೋನಿನ ಹೆಣ್ಣುಮಗಳು ಉಸಿರನ್ನು ಒಳಗೆಳೆದು ತಡೆಹಿಡಿಯಲು ಹೇಳಿದ್ದಳು. ಶಿವಯೋಗೀಶಪ್ಪನವರು ಹೇಳಿದ್ದಕ್ಕಿಂತ ಹೆಚ್ಚೇ ತಡೆಹಿಡಿದರು, ವಿದ್ಯೆ ಕಲಿಯುವುದರಲ್ಲಿ ಜಿಪುಣತನ ಅವರಿಗಿರಲಿಲ್ಲ. ಹಫೀಜ ಕೈ ತೆಗೆದು ಕಣ್ಣೊರೆಸಿಕೊಂಡ. ಆಮೇಲೆ ಫೋನ್ ತೆಗೆದು, ಕಾಕಾನಿಗೆ ಸ್ವಲ್ಪ ಆರಾಮವಿಲ್ಲ, ಲಗೂ ಬರ್ರಿ ಎಂದಷ್ಟೇ ಶರಣವ್ವನಿಗೆ ಹೇಳಿದ. ಅಂಗಡಿಯಿಂದ ತನ್ನ ಕೈಯಾರೆ ಶಾಮಿಯಾನ ತಂದು ಕಟ್ಟತೊಡಗಿದ.

ಮುಂದಿನ ಕೆಲಸ ಯಾರೂ ಹೇಳದೆಯೇ ನಡೆಯಿತು. ಯಾರೋ ಹಾರ ತಂದು ಹಾಕಿದರು, ಯಾರೋ ಲೋಬಾನ ಹಾಕಿದರು, ಭಜನೆಯ ಮೇಳ ಬಂದು ತಾಳ ಹಿಡಿಯಿತು. ಕಟ್ಟೆಯ ಮೇಲೆ ಶಿವಯೋಗೀಶಪ್ಪನವರ ಆನಂದಕ್ಕೆ ಪಾರವಿರಲಿಲ್ಲ. ಮೊದಲು ಮಲ್ಲಿಗೆಯ ಸುಗಂಧ, ಆಮೇಲೆ ಧೂಪ, ಕೊರಳಿಗೆ ಏನೋ ತಂಪು ಭಾರ, ಅಲೆಗಳ ಹಿಂದೆ ದೂರದಲ್ಲೆಲ್ಲೋ ತಾಳದ ನಾದ. ಇಷ್ಟೆಲ್ಲ ಅನುಭವ ಒಂದೇ ಬೈಠಕ್ಕಿನಲ್ಲಿ ಮಠದ ಸ್ವಾಮಿಗಳಿಗೂ ಆಗಿರಲಿಕ್ಕಿಲ್ಲ ಎಂದುಕೊಂಡರು. ಅಹಂಕಾರ ಬರಬಾರದೆಂದು ಆ ಯೋಚನೆಯನ್ನೂ ನೋಡಿ ಕಳಿಸಿದರು.

ಅಷ್ಟರಲ್ಲಿ ಪ್ರತಾಪ ಬಂದ. ಪ್ರತಾಪ ಮುಂದಿನ ಚುನಾವಣೆಗೆ ವಾರ್ಡಿನಿಂದ ನಿಲ್ಲುವವನು, ಆದ್ದರಿಂದ ಎಲ್ಲ ಸಾವಿಗೂ ಬರುತ್ತಿದ್ದ. ಬರುವಾಗಲೇ ಫ್ಲೆಕ್ಸ್ ಮಾಡಿಸಿ ತಂದಿದ್ದ. ಅದರಲ್ಲಿ ಶಿವಯೋಗೀಶಪ್ಪನವರ ಗಣಪತಿ ಹಬ್ಬದ ಫೋಟೋ ಇತ್ತು, ಬಾಯಿ ಪೂರಾ ತೆರೆದದ್ದು. ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ, ಅದರ ಪಕ್ಕಕ್ಕೆ ಕೈಮುಗಿದ ಪ್ರತಾಪನ ಫೋಟೋ, ಸತ್ತವರದ್ದಕ್ಕಿಂತ ದೊಡ್ಡದು.

ಇಲ್ಲಿ ಇಯರ್‌ಫೋನಿನ ಬ್ಯಾಟರಿ ಮುಗಿಯಿತು. ಸಮುದ್ರ ನಿಂತಿತು. ತಾಳದ ನಾದ ಮಾತ್ರ ನಿಲ್ಲಲಿಲ್ಲ, ಹತ್ತಿರ ಬಂತು. ಅದರ ನಡುವೆ ಕಾಳವ್ವ ರಾಗವಾಗಿ ಹಾಡಿಕೊಂಡು ಅಳುತ್ತಿದ್ದಳು.

"ನೀ ಒಮ್ಮಿ ಒದರಿದರ ನಾಯಿ ಗಪ್ಪಾಗತಿದ್ವೋ ನನ್ನಪ್ಪಾ, ಇನ್ನ ಓಣ್ಯಾಗ ಕಳ್ಳರನ್ನ ಕಾಯಾವರ್ಯಾರೋ ನನ್ನಪ್ಪಾ..."

ಮೈಕಿನಲ್ಲಿ ಪ್ರತಾಪ, ದಿವಂಗತ ಶಿವಯೋಗೀಶಪ್ಪನವರು ಮಿತಭಾಷಿಗಳು, ಮೃದುಭಾಷಿಗಳು, ಎಂದೂ ದನಿ ಎತ್ತಿದವರಲ್ಲ ಎಂದು ಹೇಳುತ್ತಿದ್ದ. ಜನರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

ಶಿವಯೋಗೀಶಪ್ಪನವರಿಗೆ ಒಂದೊಂದಾಗಿ ತಿಳಿಯತೊಡಗಿತು. ಹಾರ, ಧೂಪ, ಭಜನೆ, ದಿವಂಗತ. ಸಿಟ್ಟು ಬಂತು. ಮಾರುಕಟ್ಟೆಯ ಆ ಕಡೆ ನಿಂತ ಲಾರಿಯವನಿಗೂ ಕೇಳಿಸುವಂಥ ಒಂದು ಬೈಗುಳ ಗಂಟಲಿನವರೆಗೆ ಬಂತು. ಬಾಯಿ ಇನ್ನೇನು ತೆರೆಯಬೇಕು, ಕಟ್ಟೆಯ ಬುಡದಲ್ಲೇ ಒಂದು ಸಣ್ಣ ದನಿ ಕೇಳಿಸಿತು. ರಾಜಶೇಖರ ಅವರ ದನಿ.

ಅವರು ಹೇಳಿದ ಹೊತ್ತಿಗೆ ಹಣ್ಣಿನ ತಾಟು ಹಿಡಿದುಕೊಂಡು ಹೆಂಡತಿಯೊಡನೆ ಬಂದಿದ್ದರು. ಶಾಮಿಯಾನ ಕಂಡು, ನಮ್ಮ ಸಲುವಾಗಿ ಇಷ್ಟು ಸಡಗರ ಯಾಕೆ ಬೇಕಿತ್ತು ಎಂದು ಸಂಕೋಚಪಟ್ಟುಕೊಂಡೇ ಕಾರಿನಿಂದ ಇಳಿದಿದ್ದರು. ಫ್ಲೆಕ್ಸ್ ಓದಿದ ಮೇಲೆ ತಾಟನ್ನು ಎಲ್ಲಿಡಬೇಕೆಂದು ತಿಳಿಯದೆ ಕಟ್ಟೆಯ ಬಳಿ ಬಂದು ನಿಂತಿದ್ದರು.

"ಖರೇ ಹೇಳ್ತೇನಿ ಕೇಳು," ಎಂದು ಅವರು ಹೆಂಡತಿಗೆ ಪಿಸುಗುಟ್ಟಿದರು. "ಇವತ್ತ ಒಲ್ಲೆ ಅಂತ ಹೇಳಿ ಹೋಗಬೇಕಂತನ ಬಂದಿದ್ನಿ. ಇವರ ದನಿ ಒಂದ ಅಡ್ಡಿ ಇತ್ತು. ಈಗ ಶಿವಾ ಅದನ್ನೂ ತಗದ. ಇನ್ನ ಒಲ್ಲೆ ಅಂದ್ರ ಆ ಹುಡುಗಿಗೆ ಅನ್ಯಾಯ ಆಕೈತಿ. ಆಕಿ ಬರಲಿ, ಎಲ್ಲಾರ ಮುಂದ ಮಾತ ಕೊಟ್ಟ ಬಿಡ್ತೇನಿ."

ಬೈಗುಳ ಗಂಟಲಿನಲ್ಲೇ ನಿಂತಿತು.

ಇಂಥ ಇಕ್ಕಟ್ಟು ಯಾವ ದಲಾಲನಿಗೂ ಬಂದಿರಲಿಕ್ಕಿಲ್ಲ. ಎದ್ದರೆ ಮಗಳ ಲಗ್ನ ಮುರಿಯಿತು. ಸತ್ತೇ ಕುಳಿತರೆ ಮಧ್ಯಾಹ್ನದೊಳಗೆ ಮಣ್ಣು ಮಾಡುತ್ತಾರೆ. ಶಿವಯೋಗೀಶಪ್ಪನವರು ಕಸುಬಿನವರು, ಲೆಕ್ಕ ಹಾಕಿದರು. ಸವಾಲು ಒಮ್ಮೆ ಬಿದ್ದ ಮೇಲೆ ಮಾಲು ವಾಪಸು ಇಲ್ಲ, ಇದು ಮಾರುಕಟ್ಟೆಯ ಧರ್ಮ. ಬೀಗರು ನಾಲ್ಕು ಮಂದಿಯ ಮುಂದೆ ಮಾತು ಕೊಡುವತನಕ ಸತ್ತಿರಬೇಕು, ಕೊಟ್ಟ ಕೂಡಲೇ ಏಳಬೇಕು. ಹೀಗೆಂದು ನಿಶ್ಚಯಿಸಿ ಉಸಿರನ್ನು ಸಣ್ಣಗೆ ಬಿಟ್ಟರು. ಸಿಟ್ಟು ಮತ್ತೆ ಬಂತು, ನೋಡಿದರು. ಅದು ಹೋಗಲಿಲ್ಲ, ಅವರ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಳಿತಿತು. ಕುಂದರಲಿ ಎಂದು ಬಿಟ್ಟರು. ಪ್ರತಾಪ ಭಾಷಣದಲ್ಲಿ, ದಿವಂಗತರು ತಮ್ಮ ವೋಟನ್ನು ತನಗೇ ಕೊಡುವುದಾಗಿ ಹೇಳಿದ್ದರೆಂದ. ಅದನ್ನೂ ಕೇಳಿ ಬಿಟ್ಟರು. ಮೂಗಿನ ಮೇಲೆ ಒಂದು ನೊಣ ಬಂದು ಕುಳಿತು ಎರಡೂ ಹೊಳ್ಳೆಗಳನ್ನು ತನಿಖೆ ಮಾಡಿತು. ಜೀವನದಲ್ಲಿ ಮೊದಲ ಸಲ ಅವರು ನಿಜವಾಗಿ ಧ್ಯಾನದಲ್ಲಿದ್ದರು.

ಆಟೋ ಬಂದು ನಿಂತ ಸದ್ದಾಯಿತು. ಗದ್ದಲ ಒಮ್ಮೆ ಏರಿ ಇಳಿಯಿತು. ಶಿವಯೋಗೀಶಪ್ಪನವರು ಹೆಂಡತಿಯ ದನಿಗಾಗಿ ಕಿವಿಗೊಟ್ಟರು. ಗಂಡ ಹೀಗೆ ಕೂರುವುದನ್ನು ದಿನಾ ನೋಡಿದ ಶರಣವ್ವ, ಏಳ್ರಿ ಸಾಕು ಎಂದು ಗದರಿಸಿಯಾಳು ಎಂಬ ಆಸೆ ಅವರಿಗಿತ್ತು. ಆದರೆ ಅಷ್ಟು ಹಾರ, ಅಷ್ಟು ಜನ, ಕಾಳವ್ವನಂಥ ಕಾಳವ್ವ ಅಳುತ್ತಿರುವುದನ್ನು ಕಂಡು ಶರಣವ್ವನೂ ಆರತಿಯೂ ನಿಜವೆಂದೇ ನಂಬಿಬಿಟ್ಟಿದ್ದರು. ಶರಣವ್ವ ಕಟ್ಟೆಯ ಕೆಳಗೆ ಕುಸಿದು ಕುಳಿತಳು, ಬಾಯಿಂದ ಒಂದು ಮಾತೂ ಬರಲಿಲ್ಲ. ಮನೆಯವಳ ದನಿಯೇ ಕೇಳಿಸದಾಗ, ಸಾಯುವುದು ಬಹಳ ಕೆಟ್ಟ ಕೆಲಸ ಎಂದು ಶಿವಯೋಗೀಶಪ್ಪನವರಿಗೆ ಅನ್ನಿಸಿತು.

ಬೀಗರು ತಡ ಮಾಡಲಿಲ್ಲ. ಆರತಿಯ ಮುಂದೆ ನಿಂತು, ಅಳಬೇಡವ್ವಾ, ಇವತ್ತಿನಿಂದ ನೀ ನಮ್ಮ ಮನೆಯ ಮಗಳು, ಈ ಲಗ್ನ ಆಗಿಯೇ ತೀರುತ್ತದೆ, ನಾಲ್ಕು ಮಂದಿ ಹಿರಿಯರ ಮುಂದೆ ಹೇಳುತ್ತಿದ್ದೇನೆ ಎಂದು ತಮ್ಮ ಮೆತ್ತನೆಯ ದನಿಯಲ್ಲಿ ಹೇಳಿದರು. ಪ್ರತಾಪ ಅದನ್ನು ಕೂಡಲೇ ಮೈಕಿನಲ್ಲಿ ಇನ್ನೊಮ್ಮೆ ಹೇಳಿದ. ಸವಾಲು ಬಿತ್ತು. ಶಿವಯೋಗೀಶಪ್ಪನವರು ಕಣ್ಣು ತೆರೆಯಬೇಕೆನ್ನುವಷ್ಟರಲ್ಲಿ ಆರತಿ ಮಾತಾಡಿದಳು.

"ಬ್ಯಾಡ್ರಿ ಮಾವಾರ," ಅಂದಳು. "ನಮ್ಮಪ್ಪನ ದನಿ ಇಲ್ಲದ ಲಗ್ನ ನನಗ ಬ್ಯಾಡ. ಅಕ್ಕಿಕಾಳ ಹಾಕೂ ಹೊತ್ತಿಗೆ ಅವರು ಒದರಿದ್ದು ಇಡೀ ಹುಬ್ಬಳ್ಳಿಗೆ ಕೇಳಬೇಕಂತ ಇತ್ರಿ ನನಗ. ನೀವು ಒಲ್ಲೆ ಅಂತೀರಂತ ಹೆದರಿ ನಾನ ಅವರನ್ನ ಸುಮ್ಮ ಕುಂದರಿಸಿದ್ನಿ. ನಾನ ಕುಂದರಿಸಿದ್ನಿ."

ಹೀಗೆ ಹೇಳಿ ಅವಳು ಅಪ್ಪನ ತಣ್ಣನೆಯ ಪಾದಕ್ಕೆ ಹಣೆ ಹಚ್ಚಿ ಬಿಕ್ಕಳಿಸಿದಳು. ಶಿವಯೋಗೀಶಪ್ಪನವರ ಮುಚ್ಚಿದ ಕಣ್ಣಿನಿಂದ ನೀರು ಇಳಿದು ವಿಭೂತಿ ಕದಡಿತು. ಮಗಳು ಇಷ್ಟು ಪ್ರೀತಿ ಇಟ್ಟಿದ್ದಾಳೆಂದು ಅವರಿಗೆ ಗೊತ್ತಿರಲಿಲ್ಲ. ಅದರ ಜೊತೆಗೇ, ಕೈಗೆ ಬಂದ ಸಂಬಂಧವನ್ನು ಹುಚ್ಚು ಹುಡುಗಿ ಬೇಡ ಅಂದುಬಿಟ್ಟಳಲ್ಲ ಎಂಬ ಗಾಬರಿಯೂ ಆಯಿತು. ಕಣ್ಣು ತೆರೆದರು. ಮುಂದೆಯೇ ರಾಜಶೇಖರ ಅವರು ಕೊನೆಯ ದರ್ಶನಕ್ಕೆಂದು ಬಾಗಿದ್ದರು, ಮುಖಕ್ಕೆ ಮುಖ ಹತ್ತುವಷ್ಟು ಹತ್ತಿರ. ಶಿವಯೋಗೀಶಪ್ಪನವರು ಹುಟ್ಟಿದಾಗಿನಿಂದ ಆಡದಷ್ಟು ಮೆತ್ತಗೆ ಹೇಳಿದರು.

"ಹುಡುಗಿ ಇನ್ನಾ ಸಣ್ಣದೈತ್ರಿ ಬೀಗರ. ಆಕಿ ಮಾತ ಮನಸಿಗೆ ಹಚ್ಕೋಬ್ಯಾಡ್ರಿ."

ರಾಜಶೇಖರ ಅವರು ಚೀರಿದರು. ಸಾಧಾರಣ ಚೀರಾಟವಲ್ಲ ಅದು. ಒಂದು ಜನ್ಮದಲ್ಲಿ ಬಳಸದೆ ಉಳಿಸಿಟ್ಟ ದನಿಯೆಲ್ಲ ಒಟ್ಟಿಗೆ ಹೊರಬಿತ್ತು. ಭಜನೆಯವರ ತಾಳ ಕೈಯಿಂದ ಹಾರಿದವು, ಪ್ರತಾಪ ಮೈಕು ಬಿಟ್ಟು ಗಟಾರ ಜಿಗಿದ, ಆಚೆ ಓಣಿಯ ನಾಯಿಗಳು ಬೊಗಳತೊಡಗಿದವು. ಕೇಶ್ವಾಪುರದವರೆಗೂ ಕೇಳಿಸಿತೆಂದು ಹಫೀಜ ಇವತ್ತಿಗೂ ಹೇಳುತ್ತಾನೆ. ಚೀರಾಟ ಮುಗಿದಾಗ ಶಾಮಿಯಾನದಡಿ ಮನೆಯವರು, ಬೀಗರು, ಹಫೀಜ ಮತ್ತು ಕಾಳವ್ವ ಮಾತ್ರ ಉಳಿದಿದ್ದರು. ಕಾಳವ್ವ ಓಡಲಿಲ್ಲ. ಕಳಿಸಿಕೊಟ್ಟವರಲ್ಲಿ ಹೀಗೆ ತಿರುಗಿ ಬಂದವರು ಯಾರೂ ಇಲ್ಲ, ಇದು ಸರಿಯಾದ ನಡವಳಿಕೆ ಅಲ್ಲ ಎಂದು ದಲಾಲರನ್ನೇ ಆಕ್ಷೇಪಿಸಿ, ತನ್ನ ಬುಟ್ಟಿ ತೆಗೆದುಕೊಂಡು ಮನೆಗೆ ಹೋದಳು. ವಾರದ ತನಕ ಅವರ ಕೂಡ ಮಾತು ಬಿಟ್ಟಿದ್ದಳು.

ಶರಣವ್ವ ಎದ್ದು ಗಂಡನ ತೋಳಿಗೆ ಒಂದು ಬಲವಾದ ಏಟು ಹಾಕಿದಳು, ಆಮೇಲೆ ಅದೇ ತೋಳು ಹಿಡಿದು ಅತ್ತಳು. ಆರತಿ ಶಾಲಿನ ಗಂಟು ಬಿಚ್ಚಲು ಹೋಗಿ, ಬಿಚ್ಚಲಾಗದೆ, ಗಂಟಿನ ಸಮೇತ ಅಪ್ಪನನ್ನು ತಬ್ಬಿಕೊಂಡಳು. ಹಫೀಜ ಕಣ್ಣೊರೆಸಿಕೊಳ್ಳುತ್ತ ಕತ್ತರಿ ತಂದ.

ರಾಜಶೇಖರ ಅವರು ಕುರ್ಚಿಯಲ್ಲಿ ಕುಳಿತು ನೀರು ಕುಡಿಯುತ್ತಿದ್ದರು. ಶರಣವ್ವ ಕಣ್ಣೊರೆಸಿಕೊಂಡು ಅವರ ಕಡೆ ತಿರುಗಿ, ಬೀಗರೇ, ದನಿ ನಮ್ಮವರದ್ದಷ್ಟೇ ಜೋರೆಂದು ತಿಳಿದಿದ್ದೆವು, ನಿಮ್ಮದು ಅದಕ್ಕಿಂತ ಛಲೋ ಇದೆಯಲ್ಲ ಎಂದಳು. ಬೀಗಿತ್ತಿ ಸೆರಗು ಬಾಯಿಗಿಟ್ಟು ನಕ್ಕರು. ರಾಜಶೇಖರ ಅವರ ಮುಖ ಕೆಂಪಾಯಿತು. ಆಮೇಲೆ ಅವರು ಶಿವಯೋಗೀಶಪ್ಪನವರನ್ನು ಕೇಳಿದರು.

"ನೀವು ಯಾವಾಗಿಂದ ಕೇಳಾಕತ್ತಿದ್ರಿ?"

"ಒಲ್ಲೆ ಅಂತ ಹೇಳಾಕ ಬಂದಿದ್ನಿ ಅಂದ್ರೆಲ್ರಿ, ಅಲ್ಲಿಂದ."

"ಎಲ್ಲಾ ಕೇಳಿ ಸುಮ್ಮನಿದ್ರಿ?"

"ಸುಮ್ಮನಿದ್ನಲ್ರಿ."

ರಾಜಶೇಖರ ಅವರು ಗ್ಲಾಸು ಕೆಳಗಿಟ್ಟರು. ಕೊಟ್ಟ ಮಾತು ಕೊಟ್ಟದ್ದೇ, ಅದರಲ್ಲಿ ಎರಡಿಲ್ಲ ಎಂದರು. ಸತ್ತವರ ಮುಂದೆ ಆಡಿದ ಮಾತನ್ನು ಬದುಕಿದವರ ಮುಂದೆ ತಪ್ಪಿದರೆ ನಾ ಮನುಷ್ಯನೇ ಎಂದರು. ಆಮೇಲೆ ಆರತಿಯನ್ನು ಕರೆದು, ಈಗಾದರೂ ಒಪ್ಪಿಗೆಯೇನವ್ವಾ ಎಂದು ಕೇಳಿದರು. ಅವಳು ತಲೆ ತಗ್ಗಿಸಿ ಒಳಗೆ ಓಡಿದಳು. ಅಡುಗೆಮನೆಯಿಂದ ಗುನುಗು ಕೇಳಿಸಿತು. ಇಬ್ಬರು ತಂದೆಯರೂ ಅದನ್ನು ಸುಮ್ಮನೆ ಕುಳಿತು ಕೇಳಿದರು.

ಬೀಗರು ಕುರ್ಚಿಯನ್ನು ಸ್ವಲ್ಪ ಕಟ್ಟೆಯ ಹತ್ತಿರ ಎಳೆದುಕೊಂಡರು. ನನ್ನೊಳಗೆ ಇಂಥ ದನಿ ಇದೆ ಎಂದು ಗೊತ್ತಿರಲಿಲ್ಲ, ಇದನ್ನು ಹತೋಟಿಗೆ ತರಬೇಕು, ನಾನೂ ದಿನಾ ಧ್ಯಾನಕ್ಕೆ ಕೂರುತ್ತೇನೆ, ಹೊಸಬರು ಹೇಗೆ ಶುರು ಮಾಡಬೇಕು ಹೇಳಿ ಎಂದು ಶಿಷ್ಯನ ಹಾಗೆ ಕೇಳಿದರು. ಶಿವಯೋಗೀಶಪ್ಪನವರು ಕೊರಳ ಹಾರ ತೆಗೆದು ಪಕ್ಕಕ್ಕಿಟ್ಟು, ಗಂಟಲು ಸರಿ ಮಾಡಿಕೊಂಡರು.

"ಭಾಳೇನಿಲ್ರಿ ಬೀಗರ, ಮೊದಲ ಒಮ್ಮಿ ಸಾಯಬೇಕ್ರಿ. ಮುಂದಿಂದೆಲ್ಲಾ ಹಗುರ!"

ಈ ಉಪದೇಶ ಗೋಪನಕೊಪ್ಪದ ಕೊನೆಯ ಮನೆಯವರೆಗೂ ಕೇಳಿಸಿತು. ಬೀಗರು ಕಿವಿ ಮುಚ್ಚಿಕೊಳ್ಳಲಿಲ್ಲ.